ಮೀನಿಗೊಂದು ಮಂಚ

ನೀರು ಹಗುರ ಅಂತ ಯಾರಾದ್ರೂ ಹೇಳಿದ್ರೆ, ಅವರ ಕೈಗೆ ಒಂದು 20 ಲೀಟರ್ ಕ್ಯಾನ್ ಕೊಟ್ಟು ಮೂರನೇ ಮಹಡಿ ಹತ್ತಿಸಿ. ಹಾಸ್ಟೆಲ್ಲಿನಲ್ಲೋ ಬಾಡಿಗೆ ರೂಮಿನಲ್ಲೋ ಇರುವ ಎಲ್ಲರಿಗೂ ಈ ಲೆಕ್ಕ ಭುಜಕ್ಕೇ ಗೊತ್ತು: ಒಂದು ಲೀಟರ್ ಅಂದ್ರೆ ಒಂದು ಕೆ.ಜಿ. ಆದರೆ ಅದೇ ನೀರನ್ನು ಗಾಜಿನ ತೊಟ್ಟಿಗೆ ತುಂಬಿ, ನಾಲ್ಕು ಮೀನು ಬಿಟ್ಟು, ಲೈಟ್ ಹಾಕಿದ ತಕ್ಷಣ ಭಾರ ಅನ್ನೋದು ಎಲ್ಲರಿಗೂ ಮರೆತುಹೋಗುತ್ತೆ. ಬಂದವರೆಲ್ಲ ಮೀನು ನೋಡ್ತಾರೆ. ಕೆಳಗೆ ನಿಂತು ಅಷ್ಟೂ ಹೊತ್ತಿರುವ ಸ್ಟ್ಯಾಂಡನ್ನು ಯಾರೂ ನೋಡಲ್ಲ. ಈ ಬರಹ ಆ ಸ್ಟ್ಯಾಂಡಿನ ಬಗ್ಗೆ.

ನಾವು ಅಂದ್ರೆ ಮೂವರು. ನಮ್ಮ ನಮ್ಮಲ್ಲಿ ಹೆಸರು ಹಿಡಿದು ಕರೆಯೋ ಅಭ್ಯಾಸ ಇಲ್ಲ, ಊರಿನ ಹೆಸರೇ ಹೆಸರು: ಗುಬ್ಬಿ, ಕುಣಿಗಲ್, ಸಿಟಿ. ಗುಬ್ಬಿ ಸಿವಿಲ್, ಕುಣಿಗಲ್ ಮೆಕ್ಯಾನಿಕಲ್, ಸಿಟಿ ಕಂಪ್ಯೂಟರ್ ಸೈನ್ಸ್. ಗುಬ್ಬಿ ಮತ್ತು ಕುಣಿಗಲ್ ಸೇರಿ ತುಮಕೂರಿನಲ್ಲಿ ಒಂದು ಮನೆಯ ಮೇಲಿನ ರೂಮು ಬಾಡಿಗೆಗೆ ಹಿಡಿದಿದ್ದೇವೆ. ಸಿಟಿಗೆ ಸ್ವಂತ ಮನೆ ಇದೆ, ಆದರೂ ಊಟಕ್ಕೆ ಮಾತ್ರ ಅಲ್ಲಿಗೆ ಹೋಗ್ತಾನೆ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಬರೀತಿರೋ ಕೈ ಈ ಮೂವರಲ್ಲಿ ಯಾರದು ಅನ್ನೋದು ಬೇಡ ಬಿಡಿ.

ಕಳೆದ ವರ್ಷ ಫೈನಲ್ ಇಯರ್ ಸೀನಿಯರ್ ಒಬ್ಬರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಾಗ ತಮ್ಮ ಅಕ್ವೇರಿಯಂ ನಮಗೆ ಕೊಟ್ಟು ಹೋದ್ರು. ಬರೀ ಗಾಜಿನ ತೊಟ್ಟಿ. ಕೆಳಗಿದ್ದ ಸ್ಟ್ಯಾಂಡು ಅವರ ಮನೆ ಓನರ್‌ದು. ತೊಟ್ಟಿ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ, 8 ಮಿಲಿಮೀಟರ್ ಗಾಜು. ಅದನ್ನು ಎಲ್ಲಿ ಇಡೋದು ಅಂತ ಯೋಚಿಸುವ ಮೊದಲು ಎಷ್ಟು ತೂಗುತ್ತೆ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದ್ವಿ. ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು, ಹಾಗಾಗಿ ಖಾಲಿ ತೊಟ್ಟಿಯೇ ಸುಮಾರು 28 ಕೆ.ಜಿ. 16 ಇಂಚು ಎತ್ತರಕ್ಕೆ ನೀರು ತುಂಬಿದ್ರೆ 113 ಲೀಟರ್. ತಳಕ್ಕೆ 15 ಕೆ.ಜಿ. ಮರಳು ಹಾಕಿದ್ರೆ ಅದು ಒಂದಿಷ್ಟು ನೀರಿನ ಜಾಗ ತಗೊಳ್ಳುತ್ತೆ. ಒಟ್ಟು ಹೆಚ್ಚುಕಮ್ಮಿ 150 ಕೆ.ಜಿ. ಅಂದ್ರೆ ಮೂರು ಮೂಟೆ ಸಿಮೆಂಟು, ರಜೆ ಇಲ್ಲದೆ, ಹಗಲೂ ರಾತ್ರಿ, ವರ್ಷಗಟ್ಟಲೆ.

ನಮ್ಮ ರೂಮಿನ ಟಿ.ವಿ. ಸ್ಟ್ಯಾಂಡು ಪಾರ್ಟಿಕಲ್ ಬೋರ್ಡಿನದು. ಮರದ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ ಅದು. ಒಣಗಿದ್ದಾಗ ನೋಡೋಕೆ ಚೆಂದ. ಅಂಚಿನಲ್ಲಿ ನಾಲ್ಕು ಹನಿ ನೀರು ಒಳಗೆ ಇಳಿದ್ರೆ ಹೋಳಿಗೆ ತರ ಉಬ್ಬುತ್ತೆ, ಉಬ್ಬಿದ್ದು ಮತ್ತೆ ಇಳಿಯಲ್ಲ. ಅಕ್ವೇರಿಯಂ ಇಟ್ಟವರ ಮನೆಯಲ್ಲಿ ವಾರಕ್ಕೊಮ್ಮೆ ನೀರು ಬದಲಾಯಿಸಬೇಕು, ಚೆಲ್ಲದೆ ಇರಲ್ಲ. ಹಾಗಾಗಿ ಅದು ಬೇಡ. ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡ್ ಮಾಡಿಸೋಣ ಅಂದ್ರೆ ವೆಲ್ಡಿಂಗ್ ಶಾಪಿನವರು ಹೇಳಿದ ರೇಟು ನಮ್ಮ ಒಂದು ತಿಂಗಳ ಮೆಸ್ ಬಿಲ್ಲಿಗೆ ಸಮ. ಆಗ ಗುಬ್ಬಿ ಅಂದ, "ನಮ್ಮ ಅಜ್ಜಿ ಮನೇಲಿ ತಾತನ ಮಂಚ ಇದೆ. ಕೊಟ್ಟಿಗೆ ಅಟ್ಟದ ಮೇಲೆ ಹಾಕವ್ರೆ. ಹಲಸಿನ ಮರದ್ದು."

ಗುಬ್ಬಿ ತಾಲ್ಲೂಕಿನವರಿಗೆ ಹಲಸಿನ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಚೇಳೂರಿನ ಒಂದು ತೋಟದಲ್ಲಿದ್ದ ಕೆಂಪು ತೊಳೆಯ ಹಲಸನ್ನೇ ಹೆಸರಘಟ್ಟದ ಐಐಎಚ್‌ಆರ್‌ನ ವಿಜ್ಞಾನಿಗಳು ‘ಸಿದ್ದು’ ಅನ್ನುವ ತಳಿಯಾಗಿ ಹೊರಗೆ ತಂದದ್ದು. ಹಣ್ಣಿನ ಮಾತು ಹಾಗಿರಲಿ, ಮರದ ಮಾತೇ ಬೇರೆ. ವೀಣೆ ಮಾಡೋದು ಹಲಸಿನಲ್ಲಿ, ಮೃದಂಗ ಮಾಡೋದು ಹಲಸಿನಲ್ಲಿ. ಬಲಿತ ಮರದ ಚೇಗಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕಲ್ಲ. ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣ, ವರ್ಷ ಕಳೆದಂತೆ ಕಂದು. ಚೇಗು ಅನ್ನೋ ಪದ ನಮಗೆ ಗೊತ್ತಾಗಿದ್ದೂ ಈ ಮಂಚದಿಂದಲೇ. ಅಲ್ಲಿವರೆಗೆ ಅದು ಬಯಾಲಜಿ ಪುಸ್ತಕದ ‘ಹಾರ್ಟ್‌ವುಡ್’ ಆಗಿತ್ತು.

ಒಂದು ಭಾನುವಾರ ಮೂವರೂ ಅಜ್ಜಿ ಊರಿಗೆ ಹೋದ್ವಿ. ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ, ಅಲ್ಲಿಂದ ಹಳ್ಳಿಗೆ ಆಟೋ. ಅಜ್ಜಿ ಮೊದಲು ಊಟ ಹಾಕಿದ್ರು. ಮುದ್ದೆ ಮುಗಿಸಿದ ಮೇಲೆ ಗುಬ್ಬಿ ವಿಷಯ ಎತ್ತಿದ.

"ಏನ್ಲಾ, ಮೀನಿಗೆ ಮಂಚ ಮಾಡ್ತೀರಾ?"

"ಮಂಚ ಅಲ್ಲಜ್ಜಿ, ಸ್ಟ್ಯಾಂಡು. ತೊಟ್ಟಿ ಇಡೋಕೆ."

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ರು, "ನಿಮ್ ತಾತ ಹೋದ್ ಮ್ಯಾಲೆ ಅದ್ರ ಮ್ಯಾಲೆ ಯಾರೂ ಮಲಗ್ಲಿಲ್ಲ. ನಿಮ್ ದೊಡ್ಡಪ್ಪ ಗುಜ್ರಿಯವ್ನಿಗೆ ಕೊಡ್ತೀನಿ ಅಂದ. ನಾನ್ ಬ್ಯಾಡ ಅಂದೆ. ಸೌದೆ ಮಾಡಾಕೆ ಕೈ ಬರ್ಲಿಲ್ಲ, ಮಲಗಾಕೆ ಮನ್ಸು ಬರ್ಲಿಲ್ಲ."

ನಾವು ಬೇಡ ಬಿಡಿ ಅಜ್ಜಿ ಅಂದ್ವಿ. ಕೇಳಬಾರದ್ದನ್ನು ಕೇಳಿದಂಗೆ ಅನ್ನಿಸ್ತು. ಗುಬ್ಬಿ ತಲೆ ತಗ್ಗಿಸಿಕೊಂಡು ಕೂತಿದ್ದ. ಆ ಮಂಚದ ಮೇಲೆ ತಾತನ ಪಕ್ಕ ಮಲಗಿ ಕಥೆ ಕೇಳಿದವನು ಅವನು. ಅಜ್ಜಿಯೇ ಎದ್ದು ಕೊಟ್ಟಿಗೆ ಕಡೆ ಹೋದ್ರು. "ಇಳಿಸ್ರಲಾ. ಆದ್ರೆ ಒಂದ್ ಮಾತು. ಒಂದ್ ಚೂರೂ ಒಲೆಗೆ ಹೋಗ್‌ಬಾರ್ದು. ಆಚಾರ್ರಿಗೂ ಹೇಳಿ."

ಮಂಚ ಇಳಿಸಿ ಬಿಚ್ಚಿದಾಗ ನಮಗೆ ಮೊದಲ ಆಶ್ಚರ್ಯ. ಬಿಚ್ಚೋಕೆ ಸ್ಕ್ರೂಡ್ರೈವರ್ ತಗೊಂಡು ಹೋಗಿದ್ವಿ, ಅದರಲ್ಲಿ ಸ್ಕ್ರೂನೇ ಇರಲಿಲ್ಲ. ಕಾಲಿನಲ್ಲಿ ಚೌಕದ ತೂತು, ಪಟ್ಟಿಯ ತುದಿ ಆ ತೂತಿನೊಳಗೆ ಕೂತಿದೆ, ಸಂದಿಗೆ ಒಂದು ಮರದ ಬೆಣೆ. ಅಷ್ಟೇ. ಅಜ್ಜಿ ಒನಕೆ ತಂದು ಕೊಟ್ರು. ಬೆಣೆಯನ್ನು ಹಿಂದಿನಿಂದ ನಾಲ್ಕು ಸಲ ಕುಟ್ಟಿದ ಮೇಲೆ ಮಂಚ ತಾನಾಗಿ ಕಳಚಿಕೊಳ್ತು. ನಾಲ್ಕು ಕಾಲು, ನಾಲ್ಕು ಪಟ್ಟಿ, ಒಂದು ತಲೆಹಲಗೆ, ಮಲಗುವ ಹಲಗೆಗಳು. ಎಲ್ಲವನ್ನೂ ಹಗ್ಗದಲ್ಲಿ ಕಟ್ಟಿ ತುಮಕೂರಿಗೆ ಬರುವ ಲಗೇಜ್ ಆಟೋದಲ್ಲಿ ಹಾಕಿಸಿದ್ವಿ.

ಕಾಲಿಗೂ ಪಟ್ಟಿಗೂ ಮರ ಸಿಕ್ತು. ಮೇಲ್ಗಡೆಗೆ ಏನು? ಮಂಚದ ಹಲಗೆ ತೆಳ್ಳಗಿತ್ತು, ನೀರು ಬಿದ್ದು ಒಣಗಿ ಬಿದ್ದು ಒಣಗಿ ಸೊಟ್ಟಗಾದ್ರೆ ಗಾಜಿಗೆ ಕಷ್ಟ. ಅಕ್ವೇರಿಯಂ ತಳಕ್ಕೆ ಬೇಕಾಗಿರೋದು ಸಮತಟ್ಟು. ಗಾಜು ಭಾರ ತಡೆಯುತ್ತೆ, ತಿರುಚುವಿಕೆ ತಡೆಯಲ್ಲ. ಒಂದು ಮೂಲೆ ಎದ್ದು ಇನ್ನೊಂದು ಮೂಲೆ ಇಳಿದ್ರೆ ಗಾಜುಗಳನ್ನು ಅಂಟಿಸಿದ ಸಿಲಿಕೋನ್ ಎಳೆತಕ್ಕೆ ಸಿಗುತ್ತೆ, ಇಲ್ಲಾ ಗಾಜೇ ಬಿರುಕು ಬಿಡುತ್ತೆ.

ಇಲ್ಲಿ ಕುಣಿಗಲ್ ಕೈಹಿಡಿದ. ಅವರಪ್ಪ ಊರೊಳಗಿನ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲ್ ಇಟ್ಟಿದ್ರು. ಬೆಂಗಳೂರು–ಮಂಗಳೂರು ಹೆದ್ದಾರಿ ಊರಿನ ಹೊರಗಡೆಯಿಂದ ಹೋಗೋಕೆ ಶುರುವಾದ ಮೇಲೆ, ಹಾಸನದ ಕಡೆ ಹೋಗೋ ಗಾಡಿಗಳು ಕುಣಿಗಲ್ ಪೇಟೆಗೆ ಬರೋದೇ ಕಡಿಮೆ ಆಯ್ತು. ಕೆರೆ ಏರಿ ನೋಡೋಕೋ ಕುದುರೆ ಫಾರಂ ನೋಡೋಕೋ ಬಂದವರು ಕೂತು ಕಾಫಿ ಕುಡಿದ್ರೆ ಉಂಟು. ಹೋಟೆಲ್ ಮುಚ್ಚಿ ಅಪ್ಪ ಈಗ ಪ್ರಾವಿಷನ್ ಸ್ಟೋರ್ ಮಾಡಿದ್ದಾರೆ. ಹೋಟೆಲಿನ ಟೇಬಲ್‌ಗಳ ಕಡಪ ಕಲ್ಲು ಮಾತ್ರ ಮನೆ ಹಿತ್ತಲಲ್ಲಿ ಗೋಡೆಗೆ ಒರಗಿಕೊಂಡು ನಿಂತಿತ್ತು. ಕಡಪ ಕಲ್ಲು ನೀರಿಗೆ ಉಬ್ಬಲ್ಲ, ಸೊಟ್ಟಗಾಗಲ್ಲ. ವರ್ಷಗಟ್ಟಲೆ ಬಿಸಿ ಇಡ್ಲಿ ತಟ್ಟೆ, ಚೆಲ್ಲಿದ ಸಾಂಬಾರು, ಒದ್ದೆ ಬಟ್ಟೆ ಎಲ್ಲ ನೋಡಿದ ಕಲ್ಲಿಗೆ ಮೀನಿನ ನೀರು ಯಾವ ಲೆಕ್ಕ?

ಇಬ್ಬರು ಎರಡು ತುದಿ ಹಿಡಿದು ಎತ್ತೋಕೆ ಹೋದಾಗ ಅಪ್ಪ ಒಳಗಿನಿಂದಲೇ ಕೂಗಿದ್ರು, "ಮಲಗ್ಸಿ ಎತ್ತಬೇಡ್ರೋ! ನಿಲ್ಸಿ ಎತ್ರಿ!"

ಯಾಕೆ ಅಂತ ಅವರು ವಿವರಿಸಲಿಲ್ಲ. ವಿವರ ನಮ್ಮ ಪುಸ್ತಕದಲ್ಲಿತ್ತು. ಕಲ್ಲು ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಮಲಗಿಸಿ ಎರಡು ತುದಿಯಲ್ಲಿ ಹಿಡಿದ್ರೆ ಮಧ್ಯ ಬಗ್ಗಿ, ಕೆಳಮೈ ಎಳೆತಕ್ಕೆ ಸಿಕ್ಕಿ ತನ್ನ ಭಾರಕ್ಕೇ ಮುರಿಯಬಹುದು. ಅಂಚಿನ ಮೇಲೆ ನಿಲ್ಲಿಸಿದ್ರೆ ಅದೇ ಕಲ್ಲು ಬಗ್ಗೋದೇ ಇಲ್ಲ ಅನ್ನೋಷ್ಟು ಗಟ್ಟಿ. ಗ್ರಾನೈಟ್ ಲಾರಿಗಳಲ್ಲಿ ಚಪ್ಪಡಿಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಯೇ ಸಾಗಿಸೋದನ್ನು ಹೈವೇನಲ್ಲಿ ಎಷ್ಟು ಸಲ ನೋಡಿಲ್ಲ ನಾವು!

ಈಗ ಸಿಟಿಯ ಸರದಿ. ಅವರ ಮನೆ ಬೀದಿಯಲ್ಲಿ ಒಬ್ಬ ಆಚಾರ್ರು ಇದ್ದಾರೆ. ಈಗೆಲ್ಲ ಪ್ಲೈವುಡ್ ವಾರ್ಡ್‌ರೋಬ್ ಕೆಲಸವೇ ಜಾಸ್ತಿ. ನಮ್ಮ ಮರ ನೋಡಿದವರೇ ತೋಪಡದಲ್ಲಿ ಒಂದು ಕಡೆ ಸ್ವಲ್ಪ ಹೆರೆದ್ರು. ಕಂದು ಸಿಪ್ಪೆ ಎದ್ದು ಒಳಗಿನ ಹಳದಿ ಕಾಣಿಸ್ತು. "ಒಳ್ಳೆ ಮರ ಕಣ್ರಪ್ಪ. ಇದನ್ನ ಯಾಕೆ ಕುಯ್ಯಿಸ್ತೀರಾ?" ಅಂದ್ರು. ಅಜ್ಜಿಯ ಷರತ್ತು ಹೇಳಿದ್ವಿ. ಅವರು ತಲೆಯಾಡಿಸಿ, ಚೂರುಗಳನ್ನು ಹಾಕೋಕೆ ಮೂಲೆಯಲ್ಲಿ ಒಂದು ಬೇರೆ ಗೋಣಿಚೀಲ ಇಟ್ರು.

ನಾವು ಡ್ರಾಯಿಂಗ್ ಮಾಡಿಕೊಂಡು ಹೋಗಿದ್ವಿ. ಎತ್ತರ 26 ಇಂಚು. ಕಾಲು ಎರಡೂವರೆ ಇಂಚು ಚೌಕ. ಕಲ್ಲನ್ನು 39 ಇಂಚು ಉದ್ದ, 15 ಇಂಚು ಅಗಲಕ್ಕೆ ಕತ್ತರಿಸಿದ ಮೇಲೆ ಅದರದೇ 20 ಕೆ.ಜಿ. ಸೇರಿ, ಫಿಲ್ಟರ್ ಇತ್ಯಾದಿಗೆ ಸ್ವಲ್ಪ ಬಿಟ್ಟು, ಒಟ್ಟು 175 ಕೆ.ಜಿ. ಅಂತ ಇಟ್ಕೊಂಡಿದ್ವಿ. ಒಂದೊಂದು ಕಾಲಿಗೆ 44 ಕೆ.ಜಿ. ಕಾಲಿನ ಅಡ್ಡಕೊಯ್ತ 40 ಚದರ ಸೆಂಟಿಮೀಟರ್. ಅಂದ್ರೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಚಿಲ್ಲರೆ. ಮರ ತನ್ನ ಎಳೆಯ ಉದ್ದಕ್ಕೆ ಇದರ ನೂರಾರು ಪಟ್ಟು ತಡೆಯುತ್ತೆ. ಹಾಗಾಗಿ ಕಾಲು ಕುಸಿಯುವ ಮಾತೇ ಇಲ್ಲ.

ಪಟ್ಟಿಯ ಲೆಕ್ಕ ಇನ್ನೂ ಮಜಾ. ಮಂಚದ ಪಟ್ಟಿ 100 ಮಿಲಿಮೀಟರ್ ಅಗಲ, 32 ಮಿಲಿಮೀಟರ್ ದಪ್ಪ. ಅದನ್ನು ಅಂಚಿನ ಮೇಲೆ ನಿಲ್ಲಿಸಿ ಇಟ್ರೆ 3 ಅಡಿಯ ಅಂತರದಲ್ಲಿ ನಮ್ಮ ಭಾರಕ್ಕೆ ಬಗ್ಗೋದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದೇ ಪಟ್ಟಿಯನ್ನು ಮಲಗಿಸಿದ್ರೆ ಸುಮಾರು 4 ಮಿಲಿಮೀಟರ್. ಮರ ಅದೇ, ತೂಕ ಅದೇ, ತಿರುಗಿಸಿ ಇಟ್ಟಿದ್ದಕ್ಕೆ ಹತ್ತು ಪಟ್ಟು ವ್ಯತ್ಯಾಸ. ಎತ್ತರದ ಘನ ಅಂತ ಸೂತ್ರದಲ್ಲಿ ಬರುತ್ತಲ್ಲ, ಅದು ಇದೇ. ಈ ಲೆಕ್ಕ ತೋರಿಸಿದಾಗ ಆಚಾರ್ರು ನಕ್ಕರು. "ಮಂಚದಲ್ಲೂ ಅದು ನಿಂತೇ ಇತ್ತಲ್ಲಪ್ಪ. ಮಲಗೋದು ಮನುಷ್ಯ. ಪಟ್ಟಿ ನಿಂತ್ಕಂಡೇ ಇರ್ಬೇಕು."

ಮುಂದೆ ಪಟ್ಟಿಯನ್ನು ಕಾಲಿಗೆ ಸೇರಿಸುವ ವಿಷಯ ಬಂತು. ಎಷ್ಟು ಇಂಚಿನ ಸ್ಕ್ರೂ ಹಾಕೋಣ ಅಂತ ಕೇಳಿದ್ವಿ. ಅವರು ಉಳಿ ಕೆಳಗಿಟ್ಟು ಹೇಳಿದ ಮಾತು ನಮ್ಮ ರೂಮಿನ ಗೋಡೆ ಮೇಲೆ ಈಗ ಬರೆದಿದೆ: "ಮೊಳೆ ಇರೋದು ಹಿಡ್ಕಳಾಕೆ. ಹೊರಾಕಲ್ಲ."

ಅರ್ಥ ಇಷ್ಟೇ. ಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಇಟ್ಟು ಸ್ಕ್ರೂ ಹೊಡೆದ್ರೆ ಇಡೀ ಭಾರ ಆ ಸಣ್ಣ ಉಕ್ಕಿನ ಕಡ್ಡಿಯ ಮೇಲೆ ಅಡ್ಡಡ್ಡ ಕೂರುತ್ತೆ. ಇವತ್ತು ತಡೆಯುತ್ತೆ, ನಾಳೆಯೂ ತಡೆಯುತ್ತೆ, ಆದರೆ ಸ್ಕ್ರೂ ಸುತ್ತಲಿನ ಮರ ನಿಧಾನವಾಗಿ ನಜ್ಜುಗುಜ್ಜಾಗ್ತಾ ತೂತು ದೊಡ್ಡದಾಗುತ್ತೆ. ಅದರ ಬದಲು ಕಾಲಿನ ತಲೆಯಲ್ಲಿ ಕಚ್ಚು ಹೊಡೆದು, ಪಟ್ಟಿ ಅದರೊಳಗೆ ಕೂರುವ ಹಾಗೆ ಮಾಡಿದ್ರೆ, ಕಲ್ಲು ಪಟ್ಟಿಯ ಮೇಲೆ, ಪಟ್ಟಿ ಕಾಲಿನ ಮೇಲೆ, ಕಾಲು ನೆಲದ ಮೇಲೆ. ಭಾರ ಮರದಿಂದ ಮರಕ್ಕೆ ಇಳಿಯುತ್ತೆ. ಸ್ಕ್ರೂ ಪಟ್ಟಿ ಜರುಗದಂತೆ ಹಿಡಿದುಕೊಂಡ್ರೆ ಸಾಕು. ಸ್ಕ್ರೂ ಎಲ್ಲ ಬಿಚ್ಚಿದ್ರೂ ನಿಲ್ಲುವ ಸ್ಟ್ಯಾಂಡೇ ಸ್ಟ್ಯಾಂಡು ಅನ್ನೋದು ಅವರ ಲೆಕ್ಕ. ತಾತನ ಮಂಚ ಒಂದೂ ಸ್ಕ್ರೂ ಇಲ್ಲದೆ ಅಷ್ಟು ವರ್ಷ ನಿಂತಿದ್ದು ಹೀಗೇ.

ಹಾಗಾದ್ರೆ ಅಪಾಯ ಎಲ್ಲಿ? ಪಕ್ಕಕ್ಕೆ. ನಾಲ್ಕು ಕಡ್ಡಿ, ನಾಲ್ಕು ಕೀಲು ಇರುವ ಚೌಕಟ್ಟು ತಳ್ಳಿದ್ರೆ ವಾಲುತ್ತೆ. ಮೆಕ್ಯಾನಿಕಲ್‌ನವರು ಅದನ್ನು ಮೆಕ್ಯಾನಿಸಂ ಅಂತಾರೆ, ಸಿವಿಲ್‌ನವರು ಅನಾಹುತ ಅಂತಾರೆ. ಯಾರೋ ಎಡವಿ ಕೈಯಾನಿಸಿದ್ರೆ ಸಾಕು. ಅದಕ್ಕೆ ಕೆಳಗಡೆಯೂ ಒಂದು ಸುತ್ತು ಅಡ್ಡಪಟ್ಟಿ, ಬೆನ್ನಿಗೆ 12 ಮಿಲಿಮೀಟರ್ ಪ್ಲೈ, ಎರಡೂ ಪಕ್ಕಕ್ಕೆ ಮೂಲೆಯಿಂದ ಮೂಲೆಗೆ ಒಂದೊಂದು ಓರೆಪಟ್ಟಿ ಹಾಕಿದ್ವಿ. ಪ್ಲೈ ಹೊಸದಲ್ಲ, ಆಚಾರ್ರ ಹತ್ತಿರ ಉಳಿದಿದ್ದ 710 ತುಂಡು. ಪ್ಲೈವುಡ್ಡಿನ ಮೇಲೆ ಐ.ಎಸ್. 303 ಅಂತ ಇದ್ರೆ ಸಾಮಾನ್ಯ ಬಳಕೆಯದು, ಐ.ಎಸ್. 710 ಇದ್ರೆ ನೀರು ತಡೆಯುವ ಮರೈನ್ ಪ್ಲೈ. ಅಂಗಡಿಯಲ್ಲಿ ಬರೀ ‘ವಾಟರ್‌ಪ್ರೂಫ್’ ಅಂದ್ರೆ ಒಪ್ಪಬೇಡಿ, ಈ ನಂಬರ್ ನೋಡಿ. ಬೆನ್ನಿನ ಪ್ಲೈಗೆ ಮಾತ್ರ ಸಾಲಾಗಿ ಸ್ಕ್ರೂ ಹೊಡೆದ್ವಿ. ಅಲ್ಲಿ ಅದರ ಕೆಲಸ ಹಿಡ್ಕೊಳ್ಳೋದೇ. ಕಲ್ಲಿನ ಮಧ್ಯಕ್ಕೆ ಆಸರೆಯಾಗಿ ಎರಡು ಅಡ್ಡಪಟ್ಟಿ ಕೊಟ್ವಿ. ಸಿಟಿ ಇಡೀ ದಿನ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ. ಕಂಪ್ಯೂಟರ್ ಸೈನ್ಸ್‌ನ ಕೊಡುಗೆಯನ್ನು ಮರೆಯಬಾರದು.

ಸ್ಟ್ಯಾಂಡ್ ರೂಮಿಗೆ ಬಂದ ದಿನ ಕೆಳಗಿನ ಮನೆ ಓನರ್ ಅಂಕಲ್ ಮೆಟ್ಟಿಲು ಹತ್ತಿ ಬಂದ್ರು. ಅವರ ಹಾಲ್ ನಮ್ಮ ರೂಮಿನ ಸರಿಯಾಗಿ ಕೆಳಗೆ.

"ಏನಪ್ಪ, ನೂರು ಲೀಟರ್ ನೀರಂತೆ. ಮೋಲ್ಡು ತಡೀತದಾ?"

ಮನೆಗಳ ನೆಲವನ್ನು ಚದರ ಮೀಟರಿಗೆ 200 ಕೆ.ಜಿ. ಹೊರೆಗೆ ವಿನ್ಯಾಸ ಮಾಡ್ತಾರೆ ಅಂತ ಗುಬ್ಬಿ ಶುರು ಮಾಡಿದ. ಅಂಕಲ್ ಮುಖ ಇನ್ನೂ ಗಂಟಾಯ್ತು. ಆಗ ಕುಣಿಗಲ್, "ಅಂಕಲ್, ನಾವು ಮೂವರು ಒಂದೇ ಕಡೆ ಒತ್ತೊತ್ತಾಗಿ ನಿಂತ್ರೆ ಎಷ್ಟೋ ಅಷ್ಟೇ ಇದು" ಅಂದ. ಮೂವರೂ ಮೂಲೆಗೆ ಹೋಗಿ ನಿಂತು ತೋರಿಸಿದ್ವಿ. ಕೆಳಗೆ ಗೋಡೆ ಇರುವ ಮೂಲೆ, ಕೊಠಡಿಯ ಮಧ್ಯ ಅಲ್ಲ. "ನೀವಾದ್ರೆ ಎದ್ದು ಹೋಗ್ತೀರಿ, ಅದು ಹೋಗಲ್ವಲ್ಲ" ಅಂತ ಗೊಣಗಿದ್ರೂ ಅಂಕಲ್ ಒಪ್ಪಿದ್ರು. ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ವರ್ಷಗಟ್ಟಲೆ ಕೂತ ಭಾರಕ್ಕೆ ಮರ ನಿಧಾನವಾಗಿ ಇನ್ನಷ್ಟು ಬಗ್ಗುತ್ತೆ, ಅದಕ್ಕೇ ಲೆಕ್ಕದಲ್ಲಿ ಧಾರಾಳವಾಗಿರಬೇಕು.

ರಸಮಟ್ಟ ಇಟ್ಟು ನೋಡಿ, ನೆಲ ತಗ್ಗಿದ್ದ ಕಡೆ ಕಾಲಿನ ಕೆಳಗೆ ತೆಳು ಪಟ್ಟಿ ಕೊಟ್ವಿ. ಮಟ್ಟ ಮಾಡೋದು ಯಾವಾಗಲೂ ಸ್ಟ್ಯಾಂಡಿನ ಕೆಳಗೆ, ತೊಟ್ಟಿಯ ಕೆಳಗಲ್ಲ. ಕಲ್ಲಿಗೂ ಗಾಜಿಗೂ ನಡುವೆ 10 ಮಿಲಿಮೀಟರ್ ಥರ್ಮಾಕೋಲ್. ಕಲ್ಲಿನ ಸಣ್ಣ ಉಬ್ಬುತಗ್ಗನ್ನು ಅದು ನುಂಗಿಕೊಳ್ಳುತ್ತೆ. ಮೊದಲ ದಿನ ಕಾಲು ಭಾಗ ಮಾತ್ರ ನೀರು ತುಂಬಿ, ನಾಲ್ಕೂ ಮೂಲೆಯಲ್ಲಿ ಸ್ಕೇಲ್ ಹಿಡಿದು ನೀರಿನ ಎತ್ತರ ಅಳೆದ್ವಿ. ನೀರಿಗಿಂತ ನಂಬಿಕಸ್ಥ ಮಟ್ಟಗೋಲು ಇನ್ನೊಂದಿಲ್ಲ. ಎರಡನೇ ದಿನ ಅರ್ಧ. ಮೂರನೇ ದಿನ ಪೂರ್ತಿ. ಆ ರಾತ್ರಿ ಮೂವರಿಗೂ ನಿದ್ದೆ ಇಲ್ಲ. ಸಿಟಿ ಕೂಡ ಮನೆಗೆ ಹೋಗಲಿಲ್ಲ. ಮರ ಒಂದು ಸಲ ಟಿಕ್ ಅಂತ ಸದ್ದು ಮಾಡ್ತು. ಮೂವರೂ ಒಟ್ಟಿಗೆ ಎದ್ದು ಕೂತ್ವಿ. ಕಚ್ಚಿನೊಳಗೆ ಪಟ್ಟಿ ತನ್ನ ಜಾಗ ಹುಡುಕಿಕೊಂಡ ಸದ್ದು ಅದು. ಆಮೇಲೆ ಮತ್ತೆ ಬರಲಿಲ್ಲ.

ಮೀನು ತಕ್ಷಣ ಬಿಡಲಿಲ್ಲ. ಹೇಮಾವತಿಯಿಂದ ಬುಗುಡನಹಳ್ಳಿ ಕೆರೆಗೆ ಬಂದು, ಶುದ್ಧವಾಗಿ ನಲ್ಲಿಗೆ ಬರುವ ನೀರಿನಲ್ಲಿ ಕ್ಲೋರಿನ್ ಇರುತ್ತೆ, ಒಂದು ದಿನ ತೆರೆದಿಟ್ಟರೆ ಹೋಗುತ್ತೆ. ಅದಕ್ಕಿಂತ ಮುಖ್ಯ, ಮೀನಿನ ಕಸದಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಬೇಕು. ಅದಕ್ಕೆ ನಾಲ್ಕೈದು ವಾರ ಬೇಕು. ಕೊನೆಗೆ ಬಿಟ್ಟಿದ್ದು ಗಪ್ಪಿ. ಅಜ್ಜಿ ಊರಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಿಟ್ಟಿದ್ದ ಗಪ್ಪಿಗಳ ಸಂತಾನ. 1866ರಲ್ಲಿ ಟ್ರಿನಿಡಾಡ್‌ನಿಂದ ಈ ಮೀನನ್ನು ಲಂಡನ್ನಿಗೆ ಕಳಿಸಿದ ಗಪ್ಪಿ ಅನ್ನುವವರ ಹೆಸರೇ ಮೀನಿಗೆ ಬಂತು. ನಮಗೆ ಮಾತ್ರ ಇವು ಗುಬ್ಬಿ ಗಪ್ಪಿ. ಗಡಸು ನೀರೂ ಇವಕ್ಕೆ ಒಗ್ಗುತ್ತೆ, ಹಾಗಾಗಿ ನಲ್ಲಿ ಬರದ ದಿನ ಬೋರ್‌ವೆಲ್ ನೀರಿಗೂ ತಕರಾರಿಲ್ಲ.

ಗೋಣಿಚೀಲದ ಚೂರುಗಳ ಕಥೆ ಉಳೀತು. ತಲೆಹಲಗೆಯಿಂದ ಆಚಾರ್ರು ಒಂದು ಮಣೆ ಮಾಡಿಕೊಟ್ರು. ತಲೆ ಕಡೆಯ ಉದ್ದ ಕಾಲುಗಳಲ್ಲಿ ಕತ್ತರಿಸಿ ಉಳಿದ ತುಂಡುಗಳೇ ಅದರ ಕಾಲು. ಉಳಿದ ಸಣ್ಣ ಚೂರುಗಳು ಬೆಣೆಯಾದವು. ಒಲೆಗೆ ಏನೂ ಹೋಗಲಿಲ್ಲ. ದಸರಾ ರಜೆಯಲ್ಲಿ ಗುಬ್ಬಿ ಆ ಮಣೆಯನ್ನು ಊರಿಗೆ ತಗೊಂಡು ಹೋಗಿ ಅಜ್ಜಿ ಮುಂದೆ ಇಟ್ಟ. ಅಜ್ಜಿ ಅದನ್ನು ತಿರುಗಿಸಿ ನೋಡಿ, ಸೆರಗಿನಲ್ಲಿ ಒರೆಸಿ, ಕೂತ್ಕೊಂಡ್ರು. ಈಗ ಅದು ಒಲೆ ಮುಂದೆಯೇ ಇದೆ, ಒಲೆಯೊಳಗಲ್ಲ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ತೊಟ್ಟಿ ತೋರಿಸಿದ್ವಿ. ಅಜ್ಜಿ ಮೀನು ನೋಡಲಿಲ್ಲ. "ಕೆಳಗೆ ತೋರ್ಸ್ಲಾ, ಕಾಲು ತೋರ್ಸು" ಅಂದ್ರು. ಫೋನ್ ಇಳಿಸಿದ್ವಿ. ಸುಮಾರು ಹೊತ್ತು ನೋಡಿದ ಮೇಲೆ ಕೇಳಿದ್ರು, "ಮೀನು ಮಲಗ್ತವೇನ್ಲಾ?"

ಮಲಗ್ತವೆ ಅಜ್ಜಿ, ರೆಪ್ಪೆ ಇಲ್ಲ ಅಷ್ಟೇ, ಲೈಟ್ ಆರಿಸಿದ್ರೆ ತಳಕ್ಕೆ ಬಂದು ಸುಮ್ಮನಾಗ್ತವೆ ಅಂದ್ವಿ.

"ಸರಿ ಬುಡು. ಹಂಗಾರೆ ಮಂಚ ಮಂಚವಾಗೇ ಐತೆ."